ಪ್ಯಾಟ್ ಸಮಿಟ್ ಮತ್ತು ಟೆನೆಸ್ಸಿಯ 38 ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಬಗ್ಗೆ ಮಾತು ಶುರುವಾದರೆ ಪ್ಯಾಟ್ ಸಮಿಟ್ ಹೆಸರು ಬಂದೇ ಬರುತ್ತದೆ. ಹಿಂದೆಯೇ ಗೆಲುವಿನ ಲೆಕ್ಕವೂ ಬರುತ್ತದೆ. ಆ ಲೆಕ್ಕ ಇಲ್ಲೂ ಇದೆ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ವಿಷಯ ಒಂದಿದೆ: ಅವರ ತಂಡದಲ್ಲಿ ಆಡುವ ಅವಧಿ ಪೂರ್ತಿ ಮುಗಿಸಿದ ಪ್ರತಿಯೊಬ್ಬ ಹುಡುಗಿಯೂ ಪದವಿ ಪಡೆದಳು. ಒಬ್ಬಳೂ ತಪ್ಪಲಿಲ್ಲ. ಈ ಪುಟ ಓದುವಾಗ ಅದೊಂದು ನೆನಪಿರಲಿ.

ಯಾರು ಈ ಪ್ಯಾಟ್ ಸಮಿಟ್?

ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಹೆಡ್ ಕೋಚ್ ಆಗಿದ್ದವರು. ತಂಡದ ಹೆಸರು ಲೇಡಿ ವಾಲ್ಸ್, ಊರು ನಾಕ್ಸ್‌ವಿಲ್, ಬಣ್ಣ ಕಿತ್ತಳೆ. 1974ರಿಂದ 2012ರವರೆಗೆ, ಅಂದರೆ 38 ಸೀಸನ್, ಒಂದೇ ಕಾಲೇಜಿನಲ್ಲಿ ಇದ್ದರು. 1,098 ಪಂದ್ಯ ಗೆದ್ದರು, 208 ಸೋತರು. ರಾಷ್ಟ್ರೀಯ ಚಾಂಪಿಯನ್‌ಶಿಪ್ 8 ಸಲ: 1987, 1989, 1991, 1996, 1997, 1998, 2007, 2008. ಗೆಲುವಿಗಿಂತ ಸೋಲು ಜಾಸ್ತಿಯಾದ ಸೀಸನ್ ಒಂದೂ ಇಲ್ಲ.

ಕಾಲೇಜು ಹೆಡ್ ಕೋಚ್ ಅಂದ್ರೆ ನಮ್ಮ ಕಾಲೇಜಿನ ಪಿ.ಇ. ಸರ್ ತರಹನಾ?

ಹೆಸರಿಗೆ ಹತ್ತಿರ, ಕೆಲಸದಲ್ಲಿ ತುಂಬಾ ದೂರ. ನಮ್ಮಲ್ಲಿ ಪಿ.ಇ. ಸರ್ ಒಬ್ಬರೇ ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್ ಎಲ್ಲವನ್ನೂ ನೋಡಿಕೊಳ್ಳಬೇಕು. ಕಾಲೇಜಿಗೆ ಸೇರಿಕೊಂಡ ಮಕ್ಕಳಲ್ಲೇ ತಂಡ ಕಟ್ಟಬೇಕು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ಆಟಕ್ಕೂ ಬೇರೆ ಹೆಡ್ ಕೋಚ್, ಅವರ ಕೈಕೆಳಗೆ ಮೂರ್ನಾಲ್ಕು ಸಹಾಯಕ ಕೋಚ್‌ಗಳು. ಆಟಗಾರ್ತಿಯರನ್ನು ಅವರು ಹೈಸ್ಕೂಲಿನಲ್ಲಿದ್ದಾಗಲೇ ಹುಡುಕಬೇಕು. ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಕೂತು ಮಾತಾಡಬೇಕು. ಇದಕ್ಕೆ ರಿಕ್ರೂಟಿಂಗ್ ಅನ್ನುತ್ತಾರೆ. ಕೋಚ್ ಆದವರ ಅರ್ಧ ಜೀವನ ಇದರಲ್ಲೇ ಕಳೆಯುತ್ತದೆ.

ಇನ್ನೊಂದು ಕಷ್ಟವಿದೆ. ಒಬ್ಬ ಆಟಗಾರ್ತಿ ಆಡುವುದು ಹೆಚ್ಚೆಂದರೆ ನಾಲ್ಕು ಸೀಸನ್. ಎಷ್ಟೇ ಒಳ್ಳೆಯವಳಾದರೂ ಪದವಿ ಮುಗಿಸಿ ಹೊರಡುತ್ತಾಳೆ. ಹಾಗಾಗಿ ಕಾಲೇಜು ಕೋಚ್ ಪ್ರತಿ ವರ್ಷ ಸ್ವಲ್ಪ ಹೊಸ ತಂಡದ ಜೊತೆಗೇ ಶುರುಮಾಡಬೇಕು. ಒಂದು ಸಲ ಗೆಲ್ಲುವುದು ಬೇರೆ, ಮೂರು ದಶಕ ಗೆಲ್ಲುತ್ತಾ ಇರುವುದು ಬೇರೆ. 1987ರಲ್ಲಿ ಗೆದ್ದ ತಂಡಕ್ಕೂ 2008ರಲ್ಲಿ ಗೆದ್ದ ತಂಡಕ್ಕೂ ನಡುವೆ ಒಂದು ತಲೆಮಾರು ದಾಟಿತ್ತು.

ಅವರ ಬಾಲ್ಯ ಹೇಗಿತ್ತು?

1952ರ ಜೂನ್ 14ರಂದು ಟೆನೆಸ್ಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ ಹುಟ್ಟಿದರು. ಮದುವೆಗೆ ಮುಂಚಿನ ಹೆಸರು ಪೆಟ್ರೀಷಿಯಾ ಸ್ಯೂ ಹೆಡ್. ಕೃಷಿ ಕುಟುಂಬ. ಹೊಗೆಸೊಪ್ಪು, ಹುಲ್ಲು, ಹಸು, ದಿನವಿಡೀ ದುಡಿಮೆ. ಮೂವರು ಅಣ್ಣಂದಿರು, ಒಬ್ಬ ತಂಗಿ. ಹುಡುಗಿ ಅಂತ ಕೆಲಸದಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಕೊಟ್ಟಿಗೆಯ ಅಟ್ಟದಲ್ಲಿ, ಹುಲ್ಲು ಪೇರಿಸಿಡುವ ಜಾಗದಲ್ಲೇ, ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್. ಅಲ್ಲಿ ತಳ್ಳಾಟ ನೂಕಾಟ ಎಲ್ಲವೂ ಇತ್ತು. ಮುಂದೆ ಅವರ ತಂಡಗಳು ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡಿಗೆ, ಬಿದ್ದು ಎದ್ದು ಹೋರಾಡುತ್ತಿದ್ದುದನ್ನು ನೋಡಿದಾಗಲೆಲ್ಲ ನನಗೆ ಈ ಅಟ್ಟವೇ ಕಣ್ಣಿಗೆ ಬರುತ್ತದೆ.

ಅಪ್ಪ ರಿಚರ್ಡ್ ಹೆಡ್ ಬಹಳ ಕಟ್ಟುನಿಟ್ಟಿನ ಮನುಷ್ಯ. ಬಾಯಿ ಬಿಟ್ಟು ಹೊಗಳುವವರೇ ಅಲ್ಲ. ಆದರೆ ಮಗಳು ಹೈಸ್ಕೂಲಿಗೆ ಬಂದಾಗ ಆ ಊರಿನ ಶಾಲೆಯಲ್ಲಿ ಹುಡುಗಿಯರ ತಂಡವೇ ಇಲ್ಲ ಅಂತ ಗೊತ್ತಾಗಿ, ಸಂಸಾರ ಸಮೇತ ಹತ್ತಿರದ ಹೆನ್ರಿಯೆಟ್ಟಾಗೆ ಮನೆ ಬದಲಾಯಿಸಿದರು. ಅಲ್ಲಿನ ಶಾಲೆಯಲ್ಲಿ ತಂಡ ಇತ್ತು. 1960ರ ದಶಕದಲ್ಲಿ ಮಗಳ ಆಟಕ್ಕಾಗಿ ಮನೆ ಬದಲಿಸಿದ ರೈತ! ಅವರ ಪ್ರೀತಿ ಮಾತಲ್ಲಿ ಬರುತ್ತಿರಲಿಲ್ಲ, ಅಷ್ಟೇ.

22 ವರ್ಷಕ್ಕೇ ಹೆಡ್ ಕೋಚ್ ಆಗಿದ್ದು ಹೇಗೆ?

ಯಾರೂ ಅಂದುಕೊಂಡಿರದ ರೀತಿಯಲ್ಲಿ. ಟೆನೆಸ್ಸಿ ವಿಶ್ವವಿದ್ಯಾಲಯದ ಮಾರ್ಟಿನ್ ಕ್ಯಾಂಪಸ್ಸಿನಲ್ಲಿ ಪದವಿ ಮುಗಿಸಿ, 1974ರಲ್ಲಿ ಸ್ನಾತಕೋತ್ತರ ಓದಿಗೆ ನಾಕ್ಸ್‌ವಿಲ್‌ಗೆ ಬಂದರು. ಓದುತ್ತಾ ಸಹಾಯಕ ಕೋಚ್ ಆಗಿರುವುದು ಅಂತ ಮಾತಾಗಿತ್ತು. ಅಷ್ಟರಲ್ಲಿ ಹೆಡ್ ಕೋಚ್ ಮಾರ್ಗರೆಟ್ ಹಟ್ಸನ್ ರಜೆ ಮೇಲೆ ಹೋದರು. ತಂಡದ ಪೂರ್ತಿ ಜವಾಬ್ದಾರಿ ಈ ಹುಡುಗಿಯ ಹೆಗಲಿಗೆ ಬಿತ್ತು. ಕೆಲವು ಆಟಗಾರ್ತಿಯರಿಗೂ ಅವರಿಗೂ ಒಂದೇ ವರ್ಷದ ಅಂತರ.

ತಿಂಗಳ ಸಂಬಳ 250 ಡಾಲರ್. ತಂಡದ ವ್ಯಾನ್ ಓಡಿಸುವವರು ಅವರೇ, ಸಮವಸ್ತ್ರ ಒಗೆಯುವವರೂ ಅವರೇ. ಹೋಟೆಲಿಗೆ ದುಡ್ಡಿಲ್ಲದೆ, ಎದುರಾಳಿ ಕಾಲೇಜಿನ ಜಿಮ್‌ನಲ್ಲೇ ಚಾಪೆ ಹಾಸಿ ಇಡೀ ತಂಡ ಮಲಗಿದ್ದೂ ಉಂಟು. ಇದರ ಜೊತೆಗೆ ಸ್ವಂತ ಓದು, ಪಾಠ ಹೇಳುವ ಕೆಲಸ, ಒಲಿಂಪಿಕ್ಸ್‌ಗೆ ತಯಾರಿ. ಆ ತಯಾರಿಯೂ ಸುಲಭದ್ದಲ್ಲ, ಯಾಕೆಂದರೆ ಕಾಲೇಜಿನ ಕೊನೆಯ ವರ್ಷ ಮಂಡಿಯ ಲಿಗಮೆಂಟ್ ಹರಿದಿತ್ತು. ಆ ಕಾಲಕ್ಕೆ ಮಂಡಿ ಹೋದರೆ ಆಟ ಮುಗಿಯಿತು ಅಂತಲೇ ಅರ್ಥ.

1974ರ ಡಿಸೆಂಬರಿನಲ್ಲಿ ಮೊದಲ ಪಂದ್ಯ, ಮರ್ಸರ್ ವಿರುದ್ಧ. 84-83. ಒಂದೇ ಅಂಕದಲ್ಲಿ ಸೋತರು. ಮುಂದಿನ ತಿಂಗಳು ಮೊದಲ ಗೆಲುವು ಬಂತು. ಆ ಸೀಸನ್ ಮುಗಿದಾಗ 16 ಗೆಲುವು, 8 ಸೋಲು.

ಟೈಟಲ್ ನೈನ್ ಅಂದರೇನು? ಈ ಕಥೆಯಲ್ಲಿ ಅದು ಯಾಕೆ ಬರುತ್ತದೆ?

1972ರಲ್ಲಿ ಅಮೆರಿಕ ಮಾಡಿದ ಕಾನೂನು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನುವುದು ಅದರ ಸಾರ. ಕಾನೂನಿನ ಮಾತಿನಲ್ಲಿ ಕ್ರೀಡೆಯ ಹೆಸರೇ ಇಲ್ಲ. ಆದರೂ ಕಾಲೇಜು ಮಹಿಳಾ ಕ್ರೀಡೆಯನ್ನು ಇದರಷ್ಟು ಬದಲಾಯಿಸಿದ್ದು ಬೇರೆ ಯಾವುದೂ ಇಲ್ಲ. ಹುಡುಗಿಯರಿಗೂ ಸ್ಕಾಲರ್‌ಶಿಪ್ ಬಂತು, ಕೋಚ್ ಬಂದರು, ಮೈದಾನ ಸಿಕ್ಕಿತು. ಪ್ಯಾಟ್ ಕೆಲಸ ಶುರುಮಾಡಿದ್ದು ಇದಾದ ಎರಡೇ ವರ್ಷಕ್ಕೆ. ಕಾಗದದ ಮೇಲಿನ ಹಕ್ಕನ್ನು ನಿಜವಾದ ತಂಡ ಮಾಡಿ ತೋರಿಸುವ ಕೆಲಸ ಅವರಂಥವರ ಪಾಲಿಗೆ ಬಂತು.

ಟೆನೆಸ್ಸಿಯ ಹೈಸ್ಕೂಲ್ ಆಟದ ನಿಯಮವನ್ನೇ ಅವರು ಬದಲಾಯಿಸಿದರಂತೆ, ನಿಜನಾ?

ಅವರೊಬ್ಬರೇ ಅಲ್ಲ. ಆದರೆ ಅವರ ಪಾಲು ದೊಡ್ಡದು. ಹೆಚ್ಚು ಜನಕ್ಕೆ ಗೊತ್ತಿಲ್ಲದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಗ ಟೆನೆಸ್ಸಿ ಹೈಸ್ಕೂಲುಗಳಲ್ಲಿ ಹುಡುಗಿಯರದು ಆರು ಜನರ ಆಟ. ಮೂವರು ಫಾರ್ವರ್ಡ್‌ಗಳು ಅಂಕಣದ ಒಂದು ಅರ್ಧದಲ್ಲಿ, ಮೂವರು ಗಾರ್ಡ್‌ಗಳು ಇನ್ನೊಂದು ಅರ್ಧದಲ್ಲಿ. ನಡುಗೆರೆ ದಾಟುವಂತಿಲ್ಲ. ಗಾರ್ಡ್ ಆದ ಹುಡುಗಿ ಎದುರಾಳಿಯನ್ನು ತಡೆಯಬೇಕು, ಚೆಂಡು ಕಿತ್ತುಕೊಳ್ಳಬೇಕು, ಗೆರೆಯವರೆಗೆ ತಂದು ಆಚೆ ಕೊಡಬೇಕು. ಹೈಸ್ಕೂಲ್ ಮುಗಿಯುವವರೆಗೂ ಬುಟ್ಟಿಗೆ ಒಂದು ಚೆಂಡು ಹಾಕುವ ಅವಕಾಶವೇ ಇಲ್ಲ! ಹುಡುಗಿಯರಿಗೆ ಇಡೀ ಅಂಕಣ ಓಡುವ ಶಕ್ತಿ ಇಲ್ಲ ಅನ್ನುವ ಹಳೆಯ ನಂಬಿಕೆ ಇದರ ಹಿಂದೆ ಇತ್ತು.

ಕಾಲೇಜಿನಲ್ಲಿ ಐದು ಜನರ ಪೂರ್ತಿ ಅಂಕಣದ ಆಟ. ಹಾಗಾಗಿ ಟೆನೆಸ್ಸಿಯ ಹುಡುಗಿಯರು ಬೇರೆ ರಾಜ್ಯದವರ ಎದುರು ಅರ್ಧ ಆಟ ಮಾತ್ರ ಕಲಿತು ಬರುತ್ತಿದ್ದರು. ಸ್ಕಾಲರ್‌ಶಿಪ್ ಕೈತಪ್ಪುತ್ತಿತ್ತು. ವಿಷಯ ಕೋರ್ಟ್ ಮೆಟ್ಟಿಲೇರಿತು. ಪ್ಯಾಟ್ ಹಳೆಯ ನಿಯಮದ ವಿರುದ್ಧ ಬಹಿರಂಗವಾಗಿ ನಿಂತರು. ನಿಯಮ ಬದಲಾಗದಿದ್ದರೆ ನಮ್ಮ ರಾಜ್ಯದ ಹುಡುಗಿಯರನ್ನು ನಾನು ತಂಡಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. 1970ರ ದಶಕ ಮುಗಿಯುವ ಹೊತ್ತಿಗೆ ಟೆನೆಸ್ಸಿ ಐದು ಜನರ ಆಟಕ್ಕೆ ಬಂತು. ಒಂದು ಟ್ರೋಫಿಯೂ ಗೆಲ್ಲದ ದಿನಗಳಲ್ಲಿ ಅವರು ಮಾಡಿದ ಕೆಲಸ ಇದು. ನನ್ನ ಪ್ರಕಾರ ಎಂಟು ಟ್ರೋಫಿಗೆ ಸಮ.

ಒಲಿಂಪಿಕ್ಸ್‌ನಲ್ಲಿ ಆಡಿದ್ದರಾ?

ಆಡಿದ್ದರು. ಮಹಿಳಾ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಮೊದಲ ಸಲ ಬಂದಿದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಅಮೆರಿಕ ತಂಡದ ಸಹ ನಾಯಕಿಯಾಗಿ ಬೆಳ್ಳಿ ಗೆದ್ದರು. ಅದೇ ಹರಿದ ಮಂಡಿಯಲ್ಲಿ! 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕ ತಂಡದ ಹೆಡ್ ಕೋಚ್ ಆಗಿ ಚಿನ್ನ. ನಡುವೆ 1979ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಅಮೆರಿಕ ತಂಡಕ್ಕೂ ಅವರೇ ಕೋಚ್.

ಮೊದಲ ಚಾಂಪಿಯನ್‌ಶಿಪ್‌ಗೆ ಅಷ್ಟು ವರ್ಷ ಯಾಕೆ ಹಿಡಿಯಿತು?

ಕೋಚ್ ಆಗಿ 13ನೇ ಸೀಸನ್‌ನಲ್ಲಿ ಗೆದ್ದರು. ಅದಕ್ಕೆ ಮುಂಚೆ ಹತ್ತಿರ ಬಂದು ಸೋತಿದ್ದು ಒಂದೆರಡು ಸಲವಲ್ಲ. 1980, 1981ರಲ್ಲಿ ಹಳೆಯ ಮಹಿಳಾ ಕ್ರೀಡಾ ಸಂಘದ ಫೈನಲ್‌ನಲ್ಲಿ ಸೋತರು. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಮಹಿಳೆಯರಿಗೆ ಟೂರ್ನಿ ಶುರುಮಾಡಿದ್ದು 1982ರಲ್ಲಿ. 1984ರಲ್ಲಿ ಅದರ ಫೈನಲ್‌ನಲ್ಲೂ ಸೋತರು. ಆಗಿನ ಕಾಲದ ದೊಡ್ಡ ಹೆಸರು ಲೂಸಿಯಾನಾ ಟೆಕ್. ಕೊನೆಗೆ 1987ರಲ್ಲಿ ಅದೇ ಲೂಸಿಯಾನಾ ಟೆಕ್ ತಂಡವನ್ನು 67-44ರಿಂದ ಸೋಲಿಸಿ ಮೊದಲ ಪಟ್ಟ.

ಈಗಿನ ಕಾಲೇಜುಗಳು ಮೂರ್ನಾಲ್ಕು ವರ್ಷ ಟ್ರೋಫಿ ಬರಲಿಲ್ಲ ಅಂದರೆ ಕೋಚ್ ಬದಲಾಯಿಸುತ್ತವೆ. ಟೆನೆಸ್ಸಿ ಕಾದಿದ್ದಕ್ಕೆ ಫಲ ಸಿಕ್ಕಿತು.

ತರಬೇತಿ ಹೇಗಿರುತ್ತಿತ್ತು?

ಹೊಸದಾಗಿ ಬಂದವರಿಗೆ ನೀರಿಳಿಸುವ ಹಾಗೆ ಇರುತ್ತಿತ್ತು. ರಕ್ಷಣೆ ಮತ್ತು ರೀಬೌಂಡ್ ಎರಡೇ ಅವರ ಮಂತ್ರ. ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡನ್ನು ಹಿಡಿಯುವುದು ರೀಬೌಂಡ್. ಅದಕ್ಕೆ ಎತ್ತರಕ್ಕಿಂತ ಹಟ ಬೇಕು. ಚೆಂಡು ಗಾಳಿಯಲ್ಲಿರುವಾಗಲೇ ಎದುರಾಳಿಯನ್ನು ಬೆನ್ನಿನಿಂದ ಒತ್ತಿ ಹಿಂದೆ ಇಡಬೇಕು. ಬೇಸರದ ಕೆಲಸ, ಕ್ಯಾಮೆರಾಗೆ ಕಾಣದ ಕೆಲಸ. ಆದರೆ ಚಾಂಪಿಯನ್‌ಶಿಪ್ ಗೆಲ್ಲಿಸಿಕೊಡುವುದು ರೀಬೌಂಡೇ ಅಂತ ಅವರು ಸಾಯುವವರೆಗೂ ನಂಬಿದ್ದರು.

ಅಂಕಣದಲ್ಲಿ ಅವರದೊಂದು ಪದ್ಧತಿ ಇತ್ತು, ನನಗೆ ತುಂಬಾ ಇಷ್ಟವಾದದ್ದು. ಕೋಚ್ ಹೊಗಳಿದರೆ ಆಟಗಾರ್ತಿ 'ಟೂ ಪಾಯಿಂಟ್ಸ್' ಅನ್ನಬೇಕು. ಕೋಚ್ ತಪ್ಪು ತೋರಿಸಿದರೆ 'ರೀಬೌಂಡ್' ಅನ್ನಬೇಕು. ಅಷ್ಟೇ. ಸಬೂಬಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ, ವಾದವೂ ಇಲ್ಲ. ಕೇಳಿಸಿತು, ಅರ್ಥವಾಯಿತು, ಮುಂದಿನ ಸಲ ಸರಿಮಾಡುತ್ತೇನೆ ಅನ್ನುವುದೆಲ್ಲ ಆ ಒಂದು ಮಾತಲ್ಲಿ ಬಂತು. ಹೊಗಳಿದಾಗಲೂ ಉತ್ತರ ಕೊಡಬೇಕಿತ್ತು ನೋಡಿ, ಅದು ಮುಖ್ಯ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಬೈಗುಳ ಮಾತ್ರ ಕಿವಿಗೆ ಬೀಳುತ್ತದೆ, ಮೆಚ್ಚುಗೆ ಹಾಗೇ ಹಾದು ಹೋಗುತ್ತದೆ, ಅಲ್ವಾ? ಅವರು ಎರಡನ್ನೂ ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಸಿದರು.

ಅಭ್ಯಾಸದಲ್ಲಿ ಎದುರಾಳಿಗಳಾಗಿ ಕಾಲೇಜಿನ ಹುಡುಗರನ್ನು ಕರೆಸುತ್ತಿದ್ದರು. ಹುಡುಗರ ವೇಗ, ಬಲ ಎದುರಿಸಿ ಅಭ್ಯಾಸವಾದರೆ ಪಂದ್ಯ ಹಗುರ ಅನಿಸುತ್ತದೆ. ಈಗ ಅಮೆರಿಕದ ದೊಡ್ಡ ಮಹಿಳಾ ತಂಡಗಳಲ್ಲಿ ಇದು ಮಾಮೂಲಿ. ಅದನ್ನು ಮೊದಮೊದಲು ಮಾಡಿದವರಲ್ಲಿ ಪ್ಯಾಟ್ ಒಬ್ಬರು.

ಎಲ್ಲರೂ ಪದವಿ ಮುಗಿಸಿದರು ಅನ್ನುವುದು ಹೇಗೆ ಸಾಧ್ಯವಾಯಿತು?

ನಿಯಮ ಸರಳ. ಕ್ಲಾಸ್ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಪಂದ್ಯದಲ್ಲಿ ಬೆಂಚೇ ಗತಿ. ತರಗತಿಯಲ್ಲಿ ಮೊದಲ ಮೂರು ಸಾಲಿನೊಳಗೇ ಕೂರಬೇಕು. ತಂಡದ ತಾರೆಗೂ ಇದೇ, ಬೆಂಚ್ ಕಾಯುವವಳಿಗೂ ಇದೇ.

ಮೊದಲ ಮೂರು ಸಾಲು ಅನ್ನುವುದನ್ನು ಸ್ವಲ್ಪ ಯೋಚನೆ ಮಾಡಿ. ಆರಡಿ ಮೂರಂಗುಲದ ಹುಡುಗಿ ಮುಂದಿನ ಸಾಲಿನಲ್ಲಿ ಕೂತರೆ ಮೇಷ್ಟರ ಕಣ್ಣು ತಪ್ಪಿಸುವುದು ಆಗದ ಮಾತು. ನಿದ್ದೆ ಮಾಡುವ ಹಾಗಿಲ್ಲ, ಬರದೇ ಇರುವ ಹಾಗೂ ಇಲ್ಲ. ಆಟಗಾರರು ಅಂದರೆ ಹಿಂದಿನ ಬೆಂಚು ಅನ್ನುವ ಮಾತು ಎಲ್ಲ ದೇಶದಲ್ಲೂ ಇದೆ. ಅದನ್ನು ಇವರು ತಮ್ಮ ತಂಡದಲ್ಲಿ ನಡೆಯಲು ಬಿಡಲಿಲ್ಲ.

ಅವರು ಕೋಚ್ ಆಗಿದ್ದ ಬಹುಪಾಲು ಕಾಲ ಈ ಹುಡುಗಿಯರಿಗೆ ವೃತ್ತಿಪರ ಆಟ ಅನ್ನುವುದು ಅಮೆರಿಕದಲ್ಲಿ ಗಟ್ಟಿಯಾಗಿ ನೆಲೆ ನಿಂತಿರಲಿಲ್ಲ. ಅಲ್ಲಿನ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ಶುರುವಾಗಿದ್ದು 1997ರಲ್ಲಿ. ನಾಲ್ಕು ವರ್ಷ ಆಡಿ ಪದವಿ ಇಲ್ಲದೆ ಮನೆಗೆ ಹೋದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಇದು ರೈತನ ಮಗಳಿಗೆ ಚೆನ್ನಾಗಿ ಗೊತ್ತಿತ್ತು.

ಕಟ್ಟುನಿಟ್ಟು ಸ್ವಲ್ಪ ಜಾಸ್ತಿ ಆಯ್ತು ಅನ್ಸಲ್ವಾ?

ಕೆಲವರಿಗೆ ಅನಿಸಿತ್ತು. ಅವರ ನೋಟಕ್ಕೆ ಟೆನೆಸ್ಸಿಯಲ್ಲಿ ದೊಡ್ಡ ಹೆಸರೇ ಇತ್ತು. ನೀಲಿ ಕಣ್ಣು ಒಮ್ಮೆ ನೆಟ್ಟರೆ ಆಟಗಾರ್ತಿ ನಿಂತಲ್ಲೇ ತಣ್ಣಗಾಗುತ್ತಿದ್ದಳು. ತಂಡ ಸೋಮಾರಿತನ ತೋರಿಸಿದಾಗ ಸುಸಜ್ಜಿತ ಲಾಕರ್ ರೂಮಿನಿಂದ ಹೊರಹಾಕಿ, ಎದುರಾಳಿಗಳಿಗೆ ಇಟ್ಟಿದ್ದ ಕೋಣೆಗೆ ಕಳಿಸಿದ್ದೂ ಇದೆ. ತಡೆಯಲಾರದೆ ತಂಡ ಬಿಟ್ಟವರೂ ಇದ್ದರು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಅದೇ ಹೆಂಗಸಿನ ಇನ್ನೊಂದು ಮುಖ ನೋಡಬೇಕಾದರೆ ಟಮೀಕಾ ಕ್ಯಾಚಿಂಗ್ಸ್ ಕಥೆ ಓದಬೇಕು. ಟಮೀಕಾಗೆ ಹುಟ್ಟಿನಿಂದಲೇ ಕಿವಿ ಮಂದ. ಚಿಕ್ಕವಳಿದ್ದಾಗ ಬೇರೆ ಮಕ್ಕಳು ಆಡಿಕೊಂಡರು ಅಂತ ಶ್ರವಣ ಸಾಧನ ಎಸೆದುಬಿಟ್ಟಿದ್ದಳು. ತುಟಿ ಓದುತ್ತಾ, ಊಹೆ ಮಾಡುತ್ತಾ ಕಾಲೇಜಿನವರೆಗೂ ಬಂದಳು. ಪ್ಯಾಟ್ ಕೂರಿಸಿಕೊಂಡು ಮಾತಾಡಿ, ನಾಚಿಕೆ ಪಡುವ ವಿಷಯ ಇದಲ್ಲ ಅಂತ ಹೇಳಿ ಮತ್ತೆ ಹಾಕಿಕೊಳ್ಳಲು ಒಪ್ಪಿಸಿದರು. ಆ ಹುಡುಗಿ ಮುಂದೆ ಅಮೆರಿಕಕ್ಕಾಗಿ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದಳು. ತನ್ನ ಬದುಕು ತಿರುಗಿದ ಜಾಗ ಅಂತ ಆ ಮಾತುಕತೆಯನ್ನು ಆಮೇಲೂ ನೆನೆಯುತ್ತಾಳೆ.

ವಿಮಾನದಲ್ಲಿ ಹೆರಿಗೆ ನೋವು ಬಂದ ಕಥೆ ನಿಜನಾ?

ನಿಜ. 1990ರ ಸೆಪ್ಟೆಂಬರ್. ತುಂಬು ಗರ್ಭಿಣಿ. ಆದರೂ ಪೆನ್ಸಿಲ್ವೇನಿಯಾದ ಮಕಂಜಿಯಲ್ಲಿದ್ದ ಮಿಷೆಲ್ ಮಾರ್ಸಿನಿಯಾಕ್ ಅನ್ನುವ ಹೈಸ್ಕೂಲ್ ತಾರೆಯ ಮನೆಗೆ ರಿಕ್ರೂಟಿಂಗ್‌ಗೆ ಹೋದರು. ಅಲ್ಲಿ ಮಾತಾಡುತ್ತಿರುವಾಗಲೇ ನೋವು ಶುರುವಾಯಿತು. ಬೇಗ ಬೇಗ ಮಾತು ಮುಗಿಸಿ ವಿಮಾನ ಹತ್ತಿದರು. ದಾರಿಯಲ್ಲಿ ನೋವು ಹೆಚ್ಚಾದಾಗ ವರ್ಜೀನಿಯಾದಲ್ಲಿ ಇಳಿಸೋಣ ಅನ್ನುವ ಮಾತು ಬಂತು. ಅವರು ಸುತರಾಂ ಒಪ್ಪಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ವರ್ಜೀನಿಯಾ ತಂಡ ಇವರನ್ನು ಹೆಚ್ಚುವರಿ ಸಮಯದಲ್ಲಿ ಸೋಲಿಸಿತ್ತು. ಆ ವರ್ಷದ ಫೈನಲ್ ಫೋರ್ (ಕೊನೆಗೆ ಉಳಿದ ನಾಲ್ಕು ತಂಡಗಳ ಸೆಮಿಫೈನಲ್, ಫೈನಲ್) ನಡೆದಿದ್ದು ನಾಕ್ಸ್‌ವಿಲ್‌ನಲ್ಲೇ, ಅಂದರೆ ತಮ್ಮ ಮನೆಯಂಗಳದ ಹಬ್ಬಕ್ಕೆ ತಾವೇ ಇಲ್ಲ. ಆ ಸೋಲು ಇನ್ನೂ ಹಸಿಯಾಗಿತ್ತು. ತನ್ನ ಮಗು ಟೆನೆಸ್ಸಿಯಲ್ಲೇ ಹುಟ್ಟಬೇಕು ಅಂತ ಹಟ ಹಿಡಿದರು. ಮಗ ಟೈಲರ್ ಸೆಪ್ಟೆಂಬರ್ 21ರಂದು ನಾಕ್ಸ್‌ವಿಲ್‌ನಲ್ಲಿ ಹುಟ್ಟಿದ.

ಮಿಷೆಲ್ ಮೊದಲು ನೋಟರ್ ಡೇಮ್ ಸೇರಿಕೊಂಡಳು! ಆಮೇಲೆ ಟೆನೆಸ್ಸಿಗೆ ಬಂದಳು. 1996ರ ಚಾಂಪಿಯನ್ ತಂಡದ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವಳು, ಅವಳೇ.

ಅವರ ಅತ್ಯುತ್ತಮ ತಂಡ ಯಾವುದು?

ಬಹುಪಾಲು ಜನ 1997-98 ಅನ್ನುತ್ತಾರೆ, ನಾನೂ ಅದನ್ನೇ ಹೇಳುವೆ. 39 ಪಂದ್ಯ, 39 ಗೆಲುವು. ಶಮೀಕ್ ಹೋಲ್ಡ್ಸ್‌ಕ್ಲಾ, ಟಮೀಕಾ ಕ್ಯಾಚಿಂಗ್ಸ್, ಸೆಮೀಕಾ ರಾಂಡಲ್. ಮೂವರಿಗೂ ಸೇರಿ 'ಮೀಕ್ಸ್' ಅಂತ ಹೆಸರು ಬಿತ್ತು. ಆ ವರ್ಷ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ವಿರುದ್ಧದ ಪಂದ್ಯಕ್ಕೆ ನಾಕ್ಸ್‌ವಿಲ್‌ನ ಥಾಂಪ್ಸನ್ ಬೋಲಿಂಗ್ ಅರೀನಾದಲ್ಲಿ 24 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಚಾಪೆ ಹಾಸಿ ಮಲಗಿದ್ದ ತಂಡ ಎಲ್ಲಿಗೆ ಬಂತು ನೋಡಿ.

ಆದರೆ ಕೋಚಿಂಗ್ ಅಂತ ನೋಡಿದರೆ ಅದಕ್ಕೆ ಹಿಂದಿನ ವರ್ಷ ಇನ್ನೂ ದೊಡ್ಡದು. 1996-97ರಲ್ಲಿ ತಂಡ 10 ಪಂದ್ಯ ಸೋತಿತ್ತು. ಪಾಯಿಂಟ್ ಗಾರ್ಡ್ ಕೆಲ್ಲಿ ಜಾಲಿಯ ಮಂಡಿ ಸೀಸನ್‌ಗೆ ಮುಂಚೆಯೇ ಹೋಗಿತ್ತು. ಎಲ್ಲರೂ ಕೈಬಿಟ್ಟಿದ್ದರು. ಆದರೂ ಟೂರ್ನಿಯಲ್ಲಿ, ಅದುವರೆಗೆ ಒಂದೂ ಸೋಲದಿದ್ದ ಯುಕಾನ್ ತಂಡವನ್ನು 91-81ರಿಂದ ಕೆಡವಿದರು. ಫೈನಲ್‌ನಲ್ಲಿ ಓಲ್ಡ್ ಡೊಮಿನಿಯನ್ ಸಿಕ್ಕಿತು. ಜನವರಿಯಲ್ಲಿ ತಮ್ಮನ್ನು ಸೋಲಿಸಿದ್ದ ತಂಡ ಅದು. 68-59ರಿಂದ ಗೆದ್ದರು. ಒಳ್ಳೆಯ ಆಟಗಾರ್ತಿಯರನ್ನು ಇಟ್ಟುಕೊಂಡು 39 ಗೆಲ್ಲುವುದು ಒಂದು. ಹತ್ತು ಸಲ ಬಿದ್ದ ತಂಡಕ್ಕೆ ಮಾರ್ಚ್ ತಿಂಗಳಲ್ಲಿ ನಂಬಿಕೆ ತುಂಬುವುದು ಇನ್ನೊಂದು.

ಯುಕಾನ್ ಕೋಚ್ ಜೀನೋ ಒರಿಯಮ್ಮಾ ಜೊತೆ ಜಗಳ ಏನು?

ಕನೆಕ್ಟಿಕಟ್ ವಿಶ್ವವಿದ್ಯಾಲಯವನ್ನು ಚುಟುಕಾಗಿ ಯುಕಾನ್ ಅನ್ನುತ್ತಾರೆ. ಎರಡೂ ತಂಡ 1995ರಿಂದ 2007ರವರೆಗೆ 22 ಸಲ ಎದುರಾದವು. ಯುಕಾನ್ 13, ಟೆನೆಸ್ಸಿ 9. 1995, 2000, 2003, 2004ರ ಫೈನಲ್‌ಗಳಲ್ಲಿ ಟೆನೆಸ್ಸಿ ಸೋತಿದ್ದು ಯುಕಾನ್‌ಗೇ. ಮಹಿಳಾ ಬ್ಯಾಸ್ಕೆಟ್‌ಬಾಲ್ ಟಿವಿಯಲ್ಲಿ ಜನ ಕಾದು ನೋಡುವಂತಾಗಿದ್ದಕ್ಕೆ ಈ ಪೈಪೋಟಿಯೇ ದೊಡ್ಡ ಕಾರಣ.

2007ರಲ್ಲಿ ಪ್ಯಾಟ್ ಈ ವಾರ್ಷಿಕ ಪಂದ್ಯವನ್ನು ನಿಲ್ಲಿಸಿಬಿಟ್ಟರು. ರಿಕ್ರೂಟಿಂಗ್ ವಿಚಾರದ ಅಸಮಾಧಾನ ಅದರ ಹಿಂದೆ ಇತ್ತು. ಅಭಿಮಾನಿಗಳಿಗೆ ಬೇಸರವಾಯಿತು, ನನಗೂ ಆ ನಿರ್ಧಾರ ಇಷ್ಟವಾಗಲಿಲ್ಲ. ಆದರೆ 2011ರಲ್ಲಿ ಅವರ ಕಾಯಿಲೆ ಸುದ್ದಿ ಬಂದು, ಅವರ ಹೆಸರಿನ ಫೌಂಡೇಶನ್ ಶುರುವಾದಾಗ, 10 ಸಾವಿರ ಡಾಲರ್ ದೇಣಿಗೆ ಕೊಟ್ಟವರು ಇದೇ ಜೀನೋ. 2020ರಲ್ಲಿ ಎರಡೂ ತಂಡ ಮತ್ತೆ ಆಡಿದವು.

ಪುರುಷರ ತಂಡಕ್ಕೆ ಕೋಚ್ ಆಗಿ ಅಂತ ಕರೆದಿದ್ದರಂತೆ?

ಟೆನೆಸ್ಸಿಯಲ್ಲೇ ಆ ಮಾತು ಎರಡು ಸಲ ಬಂತು, ಎರಡೂ ಸಲ ಬೇಡ ಅಂದರು. ಅದನ್ನು ಮೇಲಿನ ಹುದ್ದೆ ಅಂತ ಯಾಕೆ ಅಂದುಕೊಳ್ಳುತ್ತೀರಿ ಅನ್ನುವುದು ಅವರ ಮರುಪ್ರಶ್ನೆ. 2005ರ ಮಾರ್ಚ್‌ನಲ್ಲಿ ಅವರ 880ನೇ ಗೆಲುವು ಬಂತು. ಪುರುಷರ ತಂಡಗಳ ಹೆಸರಾಂತ ಕೋಚ್ ಡೀನ್ ಸ್ಮಿತ್ ಅವರ 879 ಗೆಲುವಿನ ದಾಖಲೆ ಅಲ್ಲಿಗೆ ಹಿಂದೆ ಬಿತ್ತು. ಅಂಕಣಕ್ಕೆ 'ದಿ ಸಮಿಟ್' ಅಂತ ಅವರ ಹೆಸರನ್ನೇ ಇಟ್ಟರು.

ಸಂಬಳ ಎಷ್ಟಿತ್ತು?

ಶುರುವಿನಲ್ಲಿ ತಿಂಗಳಿಗೆ 250 ಡಾಲರ್ ಅಂತ ಆಗಲೇ ಹೇಳಿದೆ. 2006ರ ಒಪ್ಪಂದದಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ದಾಟಿತು. ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಒಬ್ಬರು ಆ ಗೆರೆ ದಾಟಿದ್ದು ಅದೇ ಮೊದಲು.

ದೊಡ್ಡ ಸೋಲು ಯಾವುದು?

2009. ಕ್ಯಾಂಡೇಸ್ ಪಾರ್ಕರ್ ಭುಜ ಜಾರಿದ್ದರೂ ಆಡಿ 2008ರ ಪಟ್ಟ ಗೆಲ್ಲಿಸಿದ್ದಳು. ಅವಳೂ ಅನುಭವಿ ಸಂಗಾತಿಗಳೂ ಹೋದ ಮೇಲೆ ಉಳಿದವರು ಹೆಚ್ಚುಕಡಿಮೆ ಮಕ್ಕಳು. ಫೆಬ್ರವರಿಯಲ್ಲಿ ಜಾರ್ಜಿಯಾ ವಿರುದ್ಧ 1,000ನೇ ಗೆಲುವು ಬಂತು. ಮರು ತಿಂಗಳೇ ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನಲ್ಲಿ ಬಾಲ್ ಸ್ಟೇಟ್ ಅನ್ನುವ ತಂಡಕ್ಕೆ 71-55ರಿಂದ ಸೋತರು. ಟೆನೆಸ್ಸಿ ಅದಕ್ಕೆ ಮುಂಚೆ ಮೊದಲ ಸುತ್ತಿನಲ್ಲಿ ಸೋತಿದ್ದೇ ಇಲ್ಲ.

ಕಾಯಿಲೆ ಬಂದ ಮೇಲೆ ಏನಾಯಿತು?

ಪಂದ್ಯದ ನಡುವೆ ಯಾವ ತಂತ್ರ ಹೇಳಬೇಕು ಅನ್ನುವುದು ಮರೆಯತೊಡಗಿತ್ತು. ಸಂಧಿವಾತಕ್ಕೆ ತೆಗೆದುಕೊಳ್ಳುತ್ತಿದ್ದ ಔಷಧಿಯಿಂದ ಇರಬೇಕು ಅಂದುಕೊಂಡಿದ್ದರು. 2011ರಲ್ಲಿ ಮೇಯೋ ಕ್ಲಿನಿಕ್ ಅನ್ನುವ ಹೆಸರಾಂತ ಆಸ್ಪತ್ರೆಗೆ ಹೋದಾಗ ಗೊತ್ತಾಯಿತು: ಸಣ್ಣ ವಯಸ್ಸಿಗೇ ಬರುವ ಆಲ್ಝೈಮರ್ ಕಾಯಿಲೆ. ಆಗ ಅವರಿಗೆ ಇನ್ನೂ 60 ಕೂಡ ತುಂಬಿರಲಿಲ್ಲ. ಆಗಸ್ಟ್‌ನಲ್ಲಿ ತಾವೇ ಲೋಕಕ್ಕೆ ಹೇಳಿದರು. ಮುಚ್ಚಿಡಲಿಲ್ಲ, ಸುಮ್ನೆ ಮನೆ ಸೇರಲೂ ಇಲ್ಲ. ಇನ್ನೊಂದು ಸೀಸನ್ ಕೋಚ್ ಆಗಿಯೇ ಇದ್ದರು.

ಆ ಸೀಸನ್‌ನಲ್ಲಿ ದಿನದ ಕೆಲಸ ಹೆಚ್ಚಾಗಿ ಹಾಲಿ ವಾರ್ಲಿಕ್ ನೋಡಿಕೊಂಡರು. ಹಾಲಿ ಹಿಂದೆ ಪ್ಯಾಟ್ ಕೈಕೆಳಗೇ ಆಡಿದವರು, ದಶಕಗಳಿಂದ ಸಹಾಯಕ ಕೋಚ್. ಊರೂರಲ್ಲೂ ಅಭಿಮಾನಿಗಳು 'ವಿ ಬ್ಯಾಕ್ ಪ್ಯಾಟ್' ಅಂತ ಬರೆದ ಟೀ ಶರ್ಟ್ ಹಾಕಿಕೊಂಡು ಬಂದರು. ತಂಡ 27 ಪಂದ್ಯ ಗೆದ್ದಿತು. ಕೊನೆಗೆ ಬೇಲರ್ ವಿರುದ್ಧ, ಫೈನಲ್ ಫೋರ್‌ಗೆ ಒಂದು ಹೆಜ್ಜೆ ಇರುವಾಗ ಸೋತರು. 2012ರ ಏಪ್ರಿಲ್‌ನಲ್ಲಿ ಹುದ್ದೆ ಹಾಲಿಗೆ ಬಂತು. ಅದೇ ವರ್ಷ ಅಮೆರಿಕ ನಾಗರಿಕರಿಗೆ ಕೊಡುವ ದೊಡ್ಡ ಗೌರವ, ಅಧ್ಯಕ್ಷರ ಸ್ವಾತಂತ್ರ್ಯ ಪದಕ ಸಂದಿತು. 2016ರ ಜೂನ್ 28ರಂದು, 64ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟು ನೆನಪಿಟ್ಟುಕೊಂಡು ಬದುಕಿದವರಿಗೆ ಮರೆವಿನ ಕಾಯಿಲೆ ಬಂದಿದ್ದು ನನಗೆ ಇವತ್ತಿಗೂ ಅರಗಿಸಿಕೊಳ್ಳಲು ಆಗಿಲ್ಲ.

ಅವರ ಶಿಷ್ಯರು ಈಗ ಏನು ಮಾಡುತ್ತಿದ್ದಾರೆ?

ಹತ್ತಾರು ಜನ ಕೋಚ್ ಆದರು. 1996-97ರಲ್ಲಿ ಮಂಡಿ ಕೆಟ್ಟರೂ ಸೀಸನ್ ನಡುವೆ ಮರಳಿ ಬಂದು ಆಡಿದ ಕೆಲ್ಲಿ ಜಾಲಿ, ಮದುವೆಯಾದ ಮೇಲೆ ಕೆಲ್ಲಿ ಹಾರ್ಪರ್, 2019ರಿಂದ 2024ರವರೆಗೆ ಟೆನೆಸ್ಸಿಗೇ ಹೆಡ್ ಕೋಚ್ ಆಗಿದ್ದರು. ಕ್ಯಾಂಡೇಸ್ ಪಾರ್ಕರ್ ಟಿವಿಯಲ್ಲಿ ಆಟದ ವಿಶ್ಲೇಷಣೆಗೆ ಹೆಸರಾದರು.

ಅವರ ಗೆಲುವಿನ ದಾಖಲೆ ಈಗಲೂ ಇದೆಯಾ?

ಇಲ್ಲ. 2020ರ ಡಿಸೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಟಾರಾ ವ್ಯಾನ್‌ಡರ್‌ವೀರ್ 1,099ನೇ ಪಂದ್ಯ ಗೆದ್ದು ಮುಂದೆ ಹೋದರು. 2024ರ ನವೆಂಬರ್‌ನಲ್ಲಿ ಜೀನೋ ಅವರು ಟಾರಾ ಅವರನ್ನೂ ದಾಟಿದರು. ದಾಖಲೆ ಮುರಿದದ್ದು ಒಳ್ಳೆಯದೇ. ಈ ಆಟದಲ್ಲಿ ಅಷ್ಟು ವರ್ಷ ಉಳಿದು ದುಡಿಯಬಹುದು ಅನ್ನುವ ದಾರಿ ಮಾಡಿಕೊಟ್ಟವರಲ್ಲಿ ಪ್ಯಾಟ್ ಮುಂಚೂಣಿಯವರು.

ಹೊಸಬರು ಅವರ ಯಾವ ಪಂದ್ಯದಿಂದ ನೋಡಲು ಶುರುಮಾಡಬೇಕು?

ಎರಡು ಹೇಳುತ್ತೇನೆ. ಒಂದು, 1996ರ ಸೆಮಿಫೈನಲ್, ಶಾರ್ಲಟ್‌ನಲ್ಲಿ ಯುಕಾನ್ ವಿರುದ್ಧ. ಹೆಚ್ಚುವರಿ ಸಮಯದಲ್ಲಿ 88-83. ಇನ್ನೊಂದು, 1998ರಲ್ಲಿ ನ್ಯಾಶ್‌ವಿಲ್‌ನಲ್ಲಿ ನಾರ್ತ್ ಕೆರೊಲಿನಾ ವಿರುದ್ಧ ನಡೆದ ಪ್ರಾದೇಶಿಕ ಫೈನಲ್, ಅಂದರೆ ಫೈನಲ್ ಫೋರ್‌ಗೆ ಹಿಂದಿನ ಪಂದ್ಯ. 39-0 ಸೀಸನ್ ಕೈಜಾರಿ ಹೋಗುವ ಹಂತಕ್ಕೆ ಬಂದಿದ್ದು ಅವತ್ತೇ. ದ್ವಿತೀಯಾರ್ಧದಲ್ಲಿ 12 ಅಂಕ ಹಿಂದೆ ಬಿದ್ದು, ಕೊನೆಗೆ 76-70ರಿಂದ ಗೆದ್ದರು. ನೋಡುವಾಗ ಚೆಂಡಿನ ಹಿಂದೆಯೇ ಕಣ್ಣು ಓಡಿಸಬೇಡಿ. ಯಾರಾದರೂ ಶಾಟ್ ಹೊಡೆದ ಕೂಡಲೇ ಟೆನೆಸ್ಸಿಯ ಉಳಿದ ನಾಲ್ವರು ಎಲ್ಲಿಗೆ ಓಡುತ್ತಾರೆ, ಯಾರನ್ನು ಬೆನ್ನಿಗೆ ಹಾಕಿಕೊಳ್ಳುತ್ತಾರೆ ಅಂತ ನೋಡಿ.